ಎಂಬತ್ತರ ಅಜ್ಜಿ

ತಲೆಸುತ್ತಿನ ರೋಗಿಗಳು ನಿಂತಲ್ಲೇ ಎಷ್ಟು ತೂಗಾಡುತ್ತಾರೆಂದು ಅಳೆಯುವ ಪ್ರೋಗ್ರಾಂ ಬರೆದವಳು ನಾನು. ನನ್ನ ಪಿಎಚ್‌ಡಿ ಗೈಡ್ ಮಹಾಶಯ ಅದನ್ನೂ ಅದರ ಜೊತೆಗಿದ್ದ ಅಂಕಿಅಂಶಗಳನ್ನೂ ನನ್ನ ಕಂಪ್ಯೂಟರಿನಿಂದ ಎತ್ತಿಕೊಂಡು ತನ್ನೊಬ್ಬನ ಹೆಸರಿನಲ್ಲಿ ಪ್ರಬಂಧ ಪ್ರಕಟಿಸಿದ. ನಾನು ಹಲ್ಲುಕಚ್ಚಿಕೊಂಡು ಸಮ್ಮೇಳನಕ್ಕಾಗಿ ಕಾದೆ.

ಅವನ ಭಾಷಣಕ್ಕೆ ಚಪ್ಪಾಳೆ ಬಿದ್ದ ಮೇಲೆ ಎದ್ದು ನಿಂತೆ. "ಸರ್, ಈ ರೋಗಿಗಳನ್ನೆಲ್ಲ ನೀವೇ ಪರೀಕ್ಷೆ ಮಾಡಿದ್ರಾ?"

"ಒಬ್ಬೊಬ್ಬರನ್ನೂ ನಾನೇ ಕೈಹಿಡಿದು ನಿಲ್ಲಿಸಿದೀನಮ್ಮ. ಪಾಪ, ಆ ಎಂಬತ್ತರ ಅಜ್ಜಿಯಂತೂ ನಿಲ್ಲೋಕೇ ಒದ್ದಾಡಿಬಿಟ್ರು."

"ಆ ಅಜ್ಜಿ ಹುಟ್ಟೇ ಇಲ್ಲ ಸರ್. ಪ್ರೋಗ್ರಾಂ ಸರಿಯಾಗಿ ಓಡುತ್ತಾ ಅಂತ ನೋಡೋಕೆ ನಾನು ಕಂಪ್ಯೂಟರಲ್ಲೇ ಹುಟ್ಟಿಸಿದ ಸುಳ್ಳು ಅಂಕಿಗಳು ಅವೆಲ್ಲ."

ಅವನು ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಕೈ ಬಿಟ್ಟು ನಿಂತ್ಕೊಳ್ಳಿ ಸರ್," ಎಂದೆ. "ನಿಮ್ಮ ಪ್ರಬಂಧಕ್ಕೆ ಒಬ್ಬ ಅಸಲಿ ರೋಗಿಯಾದ್ರೂ ಸಿಗ್ಲಿ."