ಹೊಸಲು ದಾಟಿದ ದೀಪ

"ಸಂಜೆ ದೀಪ ತಪ್ಪಿಸಬೇಡ ಕಣವ್ವ" ಎಂದು ಸಾಯುವ ಮುಂಚೆ ಅತ್ತೆ ಚಾಮುಂಡಮ್ಮ ಕೈ ಹಿಡಿದು ಕೇಳಿದ್ದಳು. "ತಪ್ಪಿಸಲ್ಲ ಕಣತ್ತೆ, ನಿಮ್ಮ ಪಾದದಾಣೆ" ಎಂದು ಅಂಬುಜಮ್ಮ ಮಾತು ಕೊಟ್ಟಿದ್ದಳು. ಒಂಬತ್ತು ವರ್ಷದ ಹಿಂದಿನ ಮಾತು. ಆಗ ಮಗಳು ಚಂದ್ರಮತಿ ಇನ್ನೂ ತೊಡೆಯ ಮೇಲಿನ ಕೂಸು. ಕೊಪ್ಪಲಿನ ಯಜಮಾನ ಕೆಂಪಯ್ಯ ಬಾಗಿಲ ಬಳಿ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು.

ಅದು ಬರೀ ದೀಪದ ಮಾತಾಗಿರಲಿಲ್ಲ. ಮುದುಕಿ ಪಾಲು ಮಾಡಿದ್ದೇ ಹಾಗೆ. ಹಿರಿಯ ಮಗ ನಂಜಯ್ಯನಿಗೆ ಕೆಸರೆಯ ಜಾಗ, ಎತ್ತು, ಗಾಡಿ. ಕಿರಿಯವನಾದ, ಅಂಬುಜಮ್ಮನ ಗಂಡ ಮಹದೇವುವಿಗೆ ಕುಂಬಾರಕೊಪ್ಪಲಿನ ಹಂಚಿನ ಮನೆ. "ಆದರೆ ಒಂದು ಮಾತು. ಈ ಮನೆ ದೇವರ ಗೂಡಲ್ಲಿ ದಿನಾ ದೀಪ ಉರಿಯೋವರೆಗೂ ಮನೆ ಕಿರಿಯೋನ್ದು. ಒಂದು ಸಂಜೆ ಕತ್ತಲು ಬಿತ್ತೋ, ಇಬ್ಬರೂ ಅರ್ಧರ್ಧ ಮಾಡ್ಕಳಿ" ಎಂದಿದ್ದಳು. ಕೆಂಪಯ್ಯ ಹೂಂ ಅಂದಿದ್ದರು. ಕಾಗದವಿಲ್ಲ, ಪತ್ರವಿಲ್ಲ. ಕೊಪ್ಪಲಿನಲ್ಲಿ ಆಗ ಕೆಂಪಯ್ಯನ ಹೂಂಗಿಂತ ದೊಡ್ಡ ಪತ್ರ ಯಾವುದಿತ್ತು?

ಅಂದಿನಿಂದ ಅಂಬುಜಮ್ಮ ತವರಿಗೆ ಹೋದರೂ ಹೊತ್ತು ಮುಳುಗುವ ಮುಂಚೆ ಮನೆ ಸೇರುತ್ತಿದ್ದಳು. ಹೊರಗಾದ ದಿನಗಳಲ್ಲಿ ಗಂಡನನ್ನು ಎದುರಿಗೆ ನಿಲ್ಲಿಸಿಕೊಂಡು ಹಚ್ಚಿಸುತ್ತಿದ್ದಳು. ಊದುಬತ್ತಿ ಹೊಸೆದು ಹೊಸೆದು ಅವಳ ಅಂಗೈ ಕಪ್ಪಾಗಿ ಹೋಗಿತ್ತು. ಆ ಕಪ್ಪು ಕೈಯಲ್ಲೇ ಸಂಜೆಗೊಮ್ಮೆ ಬತ್ತಿ ಹೊಸೆದು ದೀಪ ಹಚ್ಚಿದರೆ ಅವಳ ದಿನ ಮುಗಿದಂತೆ. ಗೂಡಿನ ಬೆಳಕು ಗೋಡೆಗೆ ಬಿದ್ದಾಗ, ಈ ಗೋಡೆ ನಮ್ಮದು ಅನ್ನಿಸುತ್ತಿತ್ತು.

ಕನ್ನಡ ನಾಡು ಒಂದಾದ ಮರುವರ್ಷದ ಬೇಸಿಗೆ. ಚಂದ್ರಮತಿ ವಿಷಮಜ್ವರದಿಂದ ಆಗತಾನೇ ಎದ್ದಿದ್ದಳು. ಒಂದು ಬೆಳಿಗ್ಗೆ ನಂಜಯ್ಯ ಬಾಳೆಹಣ್ಣಿನ ಚಿಪ್ಪು ಹಿಡಿದು ಮನೆಗೆ ಬಂದ. ಎಂಜಲು ಕೈಯಲ್ಲಿ ಕಾಗೆ ಓಡಿಸದ ಆಸಾಮಿ. ಬಾಳೆಹಣ್ಣು ಕಂಡಾಗಲೇ ಅಂಬುಜಮ್ಮನಿಗೆ ಅನುಮಾನ ಬಂತು.

"ಮಗು ಕಡ್ಡಿ ಆಗ್ಬುಟ್ಟಿದೆಯಲ್ಲಮ್ಮ" ಎಂದ ನಂಜಯ್ಯ. "ಕಾರಂಜಿ ಕೆರೆ ಹತ್ರ ವಸಂತ ವಿಹಾರ ಅಂತ ಲಾಡ್ಜು ಮಾಡವ್ರೆ. ಬೊಂಬಾಯಿ, ಮದರಾಸಿನ ಜನ ಸಂಸಾರ ಸಮೇತ ಬಂದು ಇರೋ ಜಾಗ. ಉಯ್ಯಾಲೆ, ಜಾರುಬಂಡೆ, ನಲ್ಲೀಲಿ ಬಿಸಿನೀರು. ಅವರ ಬಾಯ್ಲರಿಗೆ ಸೌದೆ ಹಾಕೋನು ನಾನೇ. ಒಂದು ಕಾಟೇಜು ಖಾಲಿ ಐತೆ, ಎರಡು ದಿನ ನಿಮ್ಮೋರು ಯಾರಾದ್ರೂ ಇದ್ದೋಗ್ಲಿ ಅಂದ್ರು. ಕರ್ಕೊಂಡೋಗಿ, ಮಗೀಗೆ ಗಾಳಿ ಬದಲಾಗ್ಲಿ."

"ನೀವೂ ಅಕ್ಕನೂ ಹೋಗಿ ಬನ್ನಿ ಭಾವ."

"ನಮಗೇನು ಉಯ್ಯಾಲೆ ಆಡೋ ವಯಸ್ಸೇನಮ್ಮ!" ನಂಜಯ್ಯ ನಕ್ಕ. ಎದ್ದು ಚಪ್ಪಲಿ ಮೆಟ್ಟುತ್ತಾ, "ದೀಪದ ಯೋಚನೆ ತಾನೇ ನಿಂಗೆ? ಬೀಗದ ಕೈ ಕೊಟ್ಟೋಗು, ನಿಮ್ಮಕ್ಕ ಬಂದು ಹಚ್ತಾಳೆ" ಎಂದ.

ದೀಪದ ಮಾತು ತೆಗೆದವನು ಅವನೇ. ಅದು ಅಂಬುಜಮ್ಮನ ಎದೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು.

ಅಷ್ಟರಲ್ಲಿ ಮಕ್ಕಳು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಕಿರಿಯವನು ಚೆಲುವರಾಜು ಬೀದಿಗೆಲ್ಲ ಡಂಗುರ ಹೊಡೆದು ಬಂದೂ ಆಗಿತ್ತು. ಚಂದ್ರಮತಿ ಮಾತ್ರ ಕಂಬಕ್ಕೊರಗಿ, "ನಲ್ಲೀಲಿ ಬಿಸಿನೀರು ಎಂಗವ್ವ ಬತ್ತದೆ?" ಎಂದು ಮೆಲ್ಲಗೆ ಕೇಳಿದಳು. ಜ್ವರ ಬಿಟ್ಟ ಮೇಲೆ ಆ ಹುಡುಗಿ ಏನನ್ನಾದರೂ ಕೇಳಿದ್ದು ಅದೇ ಮೊದಲು. ಒಲ್ಲೆ ಅನ್ನಲು ಅಂಬುಜಮ್ಮನಿಗೆ ಬಾಯಿ ಬರಲಿಲ್ಲ.

"ಅಣ್ಣ ಪ್ರೀತಿಯಿಂದ ಹೇಳ್ತಾವ್ನೆ, ನೀನ್ಯಾಕೆ ಮುಖ ಗಂಟಾಕ್ತೀಯ?" ಎಂದ ಮಹದೇವು.

"ಪ್ರೀತಿ! ಈವತ್ತಿನವರೆಗೆ ನಿಮ್ಮಣ್ಣ ಈ ಮಕ್ಕಳ ಕೈಗೆ ಒಂದು ಬತ್ತಾಸು ಇಟ್ಟಿದ್ದು ಕಂಡಿದ್ದೀರೇನ್ರೀ?"

"ಅತ್ತಿಗೆ ಹಚ್ಚಿದ್ರೆ ದೀಪ ಉರಿಯಲ್ವಾ?"

"ಹಚ್ಚಿದೋಳು ನಾಳೆ, ನಾನೂ ಹಚ್ಚೀವ್ನಿ, ನಂಗೂ ಮನೆ ಕೊಡಿ ಅಂದ್ರೆ? ಹಚ್ಚದೆ ಕೂತು, ಮನೆ ಕತ್ತಲಿತ್ತು ಅಂತ ಊರಿಗೆಲ್ಲ ಸಾರಿದ್ರೆ? ಆಗ ಕೆಂಪಯ್ಯನೋರ ಮುಂದೆ ನೀವು ಬಾಯಿ ಬಿಡ್ತೀರಾ?"

ಮಹದೇವು ಬೀಡಿ ಹುಡುಕಿಕೊಂಡು ಹೊರಗೆ ಹೋದ.

ಪಕ್ಕದ ಮನೆ ಸರೋಜಮ್ಮನಿಗೆ ಹೇಳಿ ಹೋಗಬಹುದಿತ್ತು. ಆದರೆ ಹಿಂದಿನ ವಾರವಷ್ಟೇ ಸರೋಜಮ್ಮ ಬೀದಿ ನಲ್ಲಿಯ ಹತ್ತಿರ ನಂಜಯ್ಯನ ಹೆಂಡತಿಯ ಜೊತೆ ತಲೆಗೆ ತಲೆ ತಾಗಿಸಿ ಮಾತಾಡುತ್ತಿದ್ದಳು. ಅಂಬುಜಮ್ಮ ಕೊಡ ಹಿಡಿದು ಹತ್ತಿರ ಬಂದೊಡನೆ ಇಬ್ಬರೂ ಬೇಸಿಗೆಯ ಬಿಸಿಲಿನ ಬಗ್ಗೆ ಮಾತು ತೆಗೆದಿದ್ದರು. ಸಂಜೆಗೆ ಗಂಡನನ್ನೇ ಲಾಡ್ಜಿನಿಂದ ಕಳಿಸಬಹುದಿತ್ತು. ಅವನು ಉಪ್ಪು ತಾ ಅಂದರೆ ಬೆಲ್ಲ ತರುವ ಗಂಡಸು. ದಾರಿಯಲ್ಲಿ ಅಣ್ಣ ಸಿಕ್ಕಿ ಒಂದು ಲೋಟ ಕಾಫಿ ಕುಡಿಸಿದರೆ ಸೂರ್ಯ ಎಲ್ಲಿ ಮುಳುಗಿದ ಎಂದು ಅವನಿಗೆ ನೆನಪಿರುವುದಿಲ್ಲ. ತಾನೇ ಹೋಗಿ ಬರೋಣವೆಂದರೆ, ಕೆರೆಯ ಪಕ್ಕದಲ್ಲಿ ಮಕ್ಕಳನ್ನು ಇವನೊಬ್ಬನ ಕೈಗೆ ಬಿಟ್ಟು ಊರಿನ ಆ ತುದಿಯಿಂದ ಈ ತುದಿಗೆ ಬರುವುದು ಹೇಗೆ?

ಊದುಬತ್ತಿ ಹೊಸೆಯುತ್ತಾ ಹೊಸೆಯುತ್ತಾ ಅವಳಿಗೆ ದಾರಿ ಹೊಳೆಯಿತು. ಅತ್ತೆಗೆ ಮಾತು ಕೊಟ್ಟವಳು ತಾನು. ಹಚ್ಚುವ ಕೈ ತನ್ನದಾದರೆ ದೀಪ ಎಲ್ಲಿದ್ದರೇನು? ಹೊರಡುವ ದಿನ ಗೂಡಿನ ಹಿತ್ತಾಳೆ ದೀಪವನ್ನು ಹಳೇ ಸೀರೆಯಲ್ಲಿ ಸುತ್ತಿ, ಎಣ್ಣೆಯ ಸೀಸೆ, ಹತ್ತಿಯ ಜೊತೆ ಬಟ್ಟೆಯ ಗಂಟಿನೊಳಗೆ ಇಟ್ಟುಕೊಂಡಳು. ಮುಂದಿನ ಹಿಂದಿನ ಎರಡೂ ಬಾಗಿಲಿಗೆ ಬೀಗ ಜಡಿದು, ಬೀಗದ ಕೈಗಳನ್ನು ಸೊಂಟಕ್ಕೆ ಸಿಕ್ಕಿಸಿದಳು. ನಂಜಯ್ಯನ ತಂತ್ರಕ್ಕೆ ತನ್ನದೊಂದು ಪ್ರತಿತಂತ್ರ ಎಂದು ಜಟಕಾ ಹತ್ತುವಾಗ ಒಳಗೊಳಗೇ ಹಿಗ್ಗು ಕೂಡ ಆಯಿತು.

ಲಾಡ್ಜು ಸುಳ್ಳಾಗಿರಲಿಲ್ಲ. ಕೆಂಪು ಹಂಚಿನ ಪುಟ್ಟ ಪುಟ್ಟ ಮನೆಗಳು, ನಡುವೆ ಹುಲ್ಲು, ಹೊಂಗೆಯ ಮರಕ್ಕೆ ಕಬ್ಬಿಣದ ಸರಪಳಿಯ ಉಯ್ಯಾಲೆ. ಹಿಂದೆ ಬೆಟ್ಟ. ಚೆಲುವರಾಜು ಗಂಟು ಇಳಿಸುವ ಮೊದಲೇ ಜಾರುಬಂಡೆಯ ಮೇಲಿದ್ದ.

ಮ್ಯಾನೇಜರ್ ಶಿವರುದ್ರಪ್ಪ ಜರತಾರಿ ಪೇಟದ ತೆಳು ಮನುಷ್ಯ. ಬೀಗ ತೆಗೆದುಕೊಟ್ಟವನೇ ಕೇಳಿದ, "ಎರಡು ದಿನವೂ ಇರ್ತೀರಿ ತಾನೇ? ನಡುವೆ ಮನೆಗೆ ಗಿನೆಗೆ ಹೋಗಿ ಬರೋದು ಏನಿಲ್ಲವಲ್ಲ?"

"ಯಾಕ್ರೀ? ಯಾರು ಕೇಳೋಕೆ ಹೇಳಿದ್ರು?" ಅಂಬುಜಮ್ಮನ ದನಿ ಚುರುಕಾಯಿತು.

"ಯಾರು ಹೇಳ್ತಾರಮ್ಮ? ಊಟಕ್ಕೆ ಎಷ್ಟು ಅಕ್ಕಿ ಹಾಕಬೇಕು ಅಂತ ಗೊತ್ತಾಗ್ಬೇಡ್ವೇ?"

ಅವಳು ನಂಬಲಿಲ್ಲ. ಉತ್ತರ ತೀರ ಸಲೀಸಾಗಿತ್ತು.

ಮಧ್ಯಾಹ್ನ ಚಂದ್ರಮತಿಗೆ ಸ್ನಾನ ಮಾಡಿಸಿದಳು. ನಲ್ಲಿ ತಿರುಗಿಸಿದರೆ ಹಬೆಯಾಡುವ ನೀರು ಬಂತು. ಹುಡುಗಿ ಕೈ ಒಡ್ಡಿ ನಕ್ಕಿತು. ಜ್ವರಕ್ಕೆ ಉದುರಿದ ಕೂದಲ ನಡುವೆ ಬೆಳ್ಳಗೆ ಕಾಣುವ ತಲೆಗೆ ನೀರು ಹೊಯ್ಯುವಾಗ ಅಂಬುಜಮ್ಮನಿಗೆ ಒಂದು ಗಳಿಗೆ ಮನೆಯ ನೆನಪೇ ಹೋಯಿತು. "ನಿನ್ನ ಕೈಯೂ ತೊಳ್ಕೋ ಅವ್ವ, ಇಲ್ಲಿನ ಸೋಪಿಗೆ ಹೋಗ್ಬೌದು" ಎಂದಿತು ಹುಡುಗಿ. ಉಜ್ಜಿದಳು. ನೊರೆ ಕಪ್ಪಾಯಿತು, ಕೈ ಬೆಳ್ಳಗಾಗಲಿಲ್ಲ. ಇಬ್ಬರೂ ನಕ್ಕರು.

ಹೊರಗೆ ಬಂದು ನೋಡಿದರೆ ಮಹದೇವು ಉಯ್ಯಾಲೆಯಲ್ಲಿ ಕೂತಿದ್ದ. ಚೆಲುವರಾಜು ಹಿಂದಿನಿಂದ ನೂಕುತ್ತಿದ್ದ. "ನಾಚಿಕೆ ಆಗಲ್ವೇನ್ರೀ?" ಎಂದಳು. "ನೀನೂ ಬಾರೇ" ಎಂದ. ಅವಳು ಹೋಗಲಿಲ್ಲ. ಗಂಡ ಇಷ್ಟು ಹಗುರಾಗಿರುವುದಕ್ಕೂ ಏನಾದರೂ ಕಾರಣವಿರಬೇಕು, ಅಣ್ಣ ತಮ್ಮ ಮೊದಲೇ ಮಾತಾಡಿಕೊಂಡಿರಬೇಕು ಎಂದುಕೊಂಡಳು. ಕಣ್ಣು ಮಾತ್ರ ಬಿಸಿಲಿನ ಮೇಲಿತ್ತು.

ಬಿಸಿಲು ಬೆಟ್ಟದ ನೆತ್ತಿಗೆ ಏರಿತು. ಅಂಬುಜಮ್ಮ ಕೋಣೆಯ ಕಿಟಕಿಯ ಕಟ್ಟೆ ಒರೆಸಿ, ದೀಪ ಇಟ್ಟು, ಎಣ್ಣೆ ಹೊಯ್ದು ಹಚ್ಚಿದಳು.

"ಇಲ್ಲಿ ಕರೆಂಟು ಐತಲ್ಲವ್ವ!" ಚೆಲುವರಾಜು ಸ್ವಿಚ್ಚು ಒತ್ತಿ ತೋರಿಸಿದ. ಬಲ್ಬಿನ ಬೆಳಕಿನಲ್ಲಿ ದೀಪದ ಕುಡಿ ಇದ್ದೂ ಇಲ್ಲದಂತಾಯಿತು.

"ಆರಿಸೋ" ಎಂದು ಗದರಿದಳು.

ಹೊರಗೆ ಗಾಡಿ ನಿಂತ ಸದ್ದಾಯಿತು. ಸೌದೆ ಇಳಿಸಲು ಬಂದ ನಂಜಯ್ಯ ಎಂದು ಗೊತ್ತಾಗಲು ಹೊತ್ತು ಹಿಡಿಯಲಿಲ್ಲ. ಆದರೆ ಅವನ ಜೊತೆ ಕೋಲೂರಿಕೊಂಡು ಕೆಂಪಯ್ಯ ಬರುತ್ತಿದ್ದರು.

"ಇಲ್ಲೇ ಪಕ್ಕ ಇಟ್ಟಿಗೆಗೂಡಲ್ಲಿ, ಬೀಗರ ಮನೇಲಿದ್ರು ಯಜಮಾನ್ರು. ಗಾಡೀಲಿ ಬನ್ನಿ, ಊರಿಗೆ ಬಿಡ್ತೀನಿ, ದಾರೀಲಿ ಮಕ್ಕಳನ್ನ ನೋಡ್ಕೊಂಡು ಹೋಗೋಣ ಅಂದೆ" ಎಂದ ನಂಜಯ್ಯ. ಕೈಯಲ್ಲಿ ಕಡ್ಲೆಪುರಿಯ ಪೊಟ್ಟಣವಿತ್ತು.

ಬಂತು ನೋಡು ಎಂದುಕೊಂಡಳು ಅಂಬುಜಮ್ಮ. ಮನೆ ಕತ್ತಲಿದೆ ಎಂದು ಎದುರಿಗೇ ಹೇಳಿಸಲು ಯಜಮಾನರನ್ನು ಕರೆತಂದಿದ್ದಾನೆ. ಅವಳೇ ಮುಂದಾಗಿ, "ಒಳಕ್ಕೆ ಬನ್ನಿ ಯಜಮಾನ್ರೆ, ಅತ್ತೆ ದೀಪ ಇಲ್ಲೂ ತಪ್ಪಿಸಿಲ್ಲ, ನೋಡಿ" ಎಂದಳು. ದನಿಯಲ್ಲಿ ಗೆಲುವಿತ್ತು.

ನಂಜಯ್ಯ ಬಾಗಿಲಲ್ಲೇ ನಿಂತುಬಿಟ್ಟ. ಕಿಟಕಿಯ ದೀಪ ನೋಡಿದ. ತಮ್ಮನ ಮುಖ ನೋಡಿದ. ನಂಜಯ್ಯನ ಮುಖದ ಮೇಲೆ ಮೊದಲು ಬಂದದ್ದು ನಗುವಲ್ಲ, ಬೆರಗು. ಅದನ್ನು ಅಂಬುಜಮ್ಮ ಕಂಡಳು. ಆ ಗಳಿಗೆಯಲ್ಲಿ ಅವಳಿಗೆ ತಿಳಿಯಿತು, ಇವನಿಗೆ ಇದು ಗೊತ್ತಿರಲಿಲ್ಲ.

"ಇದೇನಮ್ಮ, ದೀಪ ಎತ್ಕೊಂಡು ಬಂದ್ಬುಟ್ಟಿದ್ದೀಯಾ?" ಎಂದ ಮೆಲ್ಲಗೆ.

ಕೆಂಪಯ್ಯ ಕೋಲು ಗೋಡೆಗೊರಗಿಸಿ ಮಂಚದ ಮೇಲೆ ಕೂತರು. "ಮನೇಲಿ ಇನ್ನೊಂದು ದೀಪ ಹಚ್ಚಿಟ್ಟು ಬಂದಿದ್ದೀಯಾ ತಾಯಿ?"

"ಇಲ್ಲ ಯಜಮಾನ್ರೆ. ಇದೇ ಅಲ್ವಾ ಅತ್ತೆ ದೀಪ? ಹಚ್ಚಿದೋಳೂ ನಾನೇ."

"ಇದೇ. ಅದಕ್ಕೇ ಕೇಳ್ದೆ." "ನಮ್ಮಲ್ಲಿ ಗೂಡಿನ ದೀಪ ಹೊಸಲು ದಾಟೋದು ಯಾವಾಗವ್ವ? ಬೇರೆ ಹೋಗೋ ಸೊಸೆ ಎತ್ಕೊಂಡು ಹೋದಾಗ. ಇಲ್ಲಾ, ಆ ಮನೆ ಯಾರಿಗೂ ಬೇಡ ಅಂದಾಗ. ನೀನು ಅಕ್ಕಪಕ್ಕದೋರಿಗೆ ಹೇಳಿ, ಒಂದು ಮಣ್ಣಿನ ಹಣತೆ ಹಚ್ಚಿಸಿದ್ರೂ ಸಾಕಿತ್ತು. ಯಾರ ಕೈ ಅಂತ ಚಾಮುಂಡಮ್ಮ ಹೇಳಿರಲಿಲ್ಲ. ಮನೇಲಿ ದೀಪ ಅಂದಿದ್ಲು."

ಅಂಬುಜಮ್ಮ ನಂಜಯ್ಯನ ಕಡೆ ಕೈ ತೋರಿಸಿದಳು. "ಅವರು ಕಳಿಸಿದ್ದೇ ಇದಕ್ಕೆ ಯಜಮಾನ್ರೆ! ದೀಪದ ಮಾತು ತೆಗೆದೋರೇ ಭಾವ!"

"ತೆಗೆದೆ ಕಣಮ್ಮ, ನಿಮ್ಮಕ್ಕ ಹಚ್ತಾಳೆ ಅಂದೆ" ಎಂದ ನಂಜಯ್ಯ. "ಸಂಜೆ ಎಣ್ಣೆ ತಕ್ಕೊಂಡು ನಿಮ್ಮ ಜಗಲಿ ಮೇಲೆ ಕೂತಿರ್ತೀನಿ ಅಂದಿದ್ಲು. ಬೀಗ ನೋಡಿ ವಾಪಸ್ಸು ಹೋಗಿರ್ತಾಳೆ." ಕಡ್ಲೆಪುರಿಯ ಪೊಟ್ಟಣವನ್ನು ಚೆಲುವರಾಜುವಿನ ಕೈಗಿಟ್ಟ. ಆಮೇಲೆ ಅವನ ದನಿ ಬದಲಾಯಿತು. ಸೌದೆಯ ರೇಟು ಮಾತಾಡುವ ದನಿ. "ಆದ್ರೆ ಯಜಮಾನ್ರೆ, ಅವ್ವನ ಮಾತು ಅವ್ವನ ಮಾತೇ ಅಲ್ವಾ? ನಾನೇನು ಕೇಳ್ಕೊಂಡು ಬರಲಿಲ್ಲ. ಅವಳೇ ಎತ್ಕೊಂಡು ಬಂದ್ಲು."

"ಈಗಲೇ ಹೋಗಿ ಮನೇಲಿಟ್ಟು ಹಚ್ತೀನಿ. ಗಾಡಿ ಇದೆಯಲ್ಲ, ಮನೆಗೆ ಬಿಡಿ ಭಾವ, ಕೈ ಮುಗೀತೀನಿ."

ಕೆಂಪಯ್ಯ ಕಿಟಕಿಯಾಚೆ ನೋಡಿದರು. ಬೆಟ್ಟದ ಮೇಲೆ ದೀಪಗಳು ಹೊತ್ತಿಕೊಂಡಿದ್ದವು. ಕೆರೆ ಕಪ್ಪಾಗಿತ್ತು. "ಕತ್ತಲು ಬಿತ್ತಲ್ಲವ್ವ" ಎಂದರು. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವಳು ಜಗಳವಾದರೂ ಆಡುತ್ತಿದ್ದಳು.

ಅಂಬುಜಮ್ಮ ಗಂಡನ ಕಡೆ ತಿರುಗಿದಳು. ಮಹದೇವು ಗಂಟಲು ಸರಿಮಾಡಿಕೊಂಡ. ಒಂದು ಮಾತು, ಒಂದೇ ಒಂದು ಮಾತು ಅಂದಾನೇ ಎಂದು ಕಾದಳು.

"ಪಡಸಾಲೆ ನಾವು ಇಟ್ಕೊತೀವಿ ಅಣ್ಣ" ಎಂದ ಅವನು. "ಅವಳು ಊದುಬತ್ತಿ ಹೊಸೆಯೋಕೆ ಬೆಳಕು ಬೇಕು."

"ಇಟ್ಕೊಳ್ರಪ್ಪ. ಹಿಂದಿನ ಎರಡು ಕೋಣೆ ನಂಗೆ ಸಾಕು" ಎಂದ ನಂಜಯ್ಯ. ಕೆಂಪಯ್ಯ ಹೂಂ ಅಂದರು.

ಗಾಡಿಯ ಸದ್ದು ದೂರವಾಯಿತು. ಚೆಲುವರಾಜು ಕಡ್ಲೆಪುರಿ ತಿನ್ನುತ್ತಾ ಅವ್ವನ ಮುಖ ನೋಡಿ, ತಿನ್ನುವುದನ್ನು ನಿಲ್ಲಿಸಿದ. ಅಂಬುಜಮ್ಮ ಸೊಂಟದಿಂದ ಬೀಗದ ಕೈಗಳನ್ನು ತೆಗೆದು ಮಂಚದ ಮೇಲಿಟ್ಟಳು. ನಾಳೆಯಿಂದ ಹಿಂದಿನ ಬಾಗಿಲಿನದು ಓರಗಿತ್ತಿಗೆ. ಜಗಲಿಯ ಮೇಲೆ ಎಣ್ಣೆ ಹಿಡಿದು ಕೂತಿರುತ್ತೇನೆ ಅಂದಿದ್ದಳಂತೆ. ನಿಜವೋ ಸುಳ್ಳೋ, ಆ ಮಾತನ್ನೂ ಅವಳಿಗೆ ನಂಬಲು ಆಗಲಿಲ್ಲ.

"ಅವ್ವ, ನಾಳೇನೂ ಇಲ್ಲೇ ಇರ್ತೀವಾ? ಇಲ್ಲ ಮನೆಗೆ ಹೋಗ್ಬೇಕಾ?" ಚಂದ್ರಮತಿ ಕೇಳಿದಳು.

"ಇರ್ತೀವಿ. ಓಡೋಗಿ ಕಾಯೋದು ಇನ್ನೇನೈತೆ? ಬೆಳಿಗ್ಗೆ ಇನ್ನೊಂದು ಸಲ ಬಿಸಿನೀರು ಹೊಯ್ಕೋ."

ಊಟದ ಗಂಟೆ ಹೊಡೆಯಿತು. ಮಕ್ಕಳನ್ನು ಮುಂದೆ ಬಿಟ್ಟುಕೊಂಡು ಅವಳು ಊಟಕ್ಕೆ ನಡೆದಳು. ಕುಂಬಾರಕೊಪ್ಪಲಿನ ಮನೆಯಲ್ಲಿ ಆ ಸಂಜೆ ದೀಪ ಹತ್ತಲಿಲ್ಲ. ಅತ್ತೆಗೆ ಕೊಟ್ಟ ಮಾತನ್ನು ಅಂಬುಜಮ್ಮ ಮುರಿದಿದ್ದಳು.