ಬಟ್ಟಲಿನ ತೆಳು ಮಗ್ಗುಲು

ಬಟ್ಟಲನ್ನು ಸಾಣೆಗೆ ಹಿಡಿಯುವ ಮೊದಲು ವಿಂದಾದ ಅದರ ಸುತ್ತ ಉಗುರಿನಿಂದ ತಟ್ಟಿ ಕಿವಿಗೊಡುತ್ತಿದ್ದ. ಗಾಜು ದಪ್ಪವಿರುವ ಕಡೆ ಒಂದು ಸದ್ದು, ತೆಳುವಿರುವ ಕಡೆ ಇನ್ನೊಂದು. ಖರ್ಜೂರದ ಸುಗ್ಗಿಯಿಂದೀಚೆಗೆ ಬಂದ ಬಟ್ಟಲುಗಳಿಗೆಲ್ಲ ಒಂದು ಮಗ್ಗುಲು ತೆಳು. ಊದುವವನ ಉಸಿರು ನಡುವೆ ನಿಂತರೆ ಕಾದ ಗಾಜು ಒಂದು ಕಡೆಗೆ ಜೋತುಬಿದ್ದು ಹೀಗಾಗುತ್ತದೆ. ಊದುವವನು ಬೇರೆ ಯಾರೂ ಅಲ್ಲ, ಅವನ ಒಡಹುಟ್ಟಿದ ಅಣ್ಣ ಬುರ್ಜಗ.

ಟೈಗ್ರಿಸ್ ನದಿಯ ದಂಡೆಯ ಆ ಕಾರ್ಖಾನೆಯಲ್ಲಿ ಬುರ್ಜಗನಂಥ ಊದುಗಾರ ಇನ್ನೊಬ್ಬನಿರಲಿಲ್ಲ. ಇಪ್ಪತ್ತೆಂಟು ವರ್ಷ ಒಂದೇ ಕುಲುಮೆಯ ಮುಂದೆ ನಿಂತವನು. ಬೆಂಕಿಗೆ ನಮಸ್ಕರಿಸದೆ ಒಂದು ದಿನವೂ ಬಾಯಿಗೆ ತುತ್ತಿಟ್ಟವನಲ್ಲ. ಅಂಥವನ ಊದುಗೊಳವೆಯ ತುದಿಯಲ್ಲಿ ವಿಂದಾದ ಒಂದು ಬೆಳಿಗ್ಗೆ ರಕ್ತದ ಕಲೆ ಕಂಡ. ಯಾರೂ ನೋಡುವ ಮೊದಲೇ ಒರೆಸಿಬಿಟ್ಟ.

ಬೆಂಕಿಯನ್ನು ಪೂಜಿಸುವ ಅವರ ಮತದಲ್ಲಿ ಮೈಯಿಂದ ಹೊರಬಿದ್ದ ರಕ್ತ ಹೆಣಕ್ಕೆ ಸಮ. ಅದರ ಒಂದು ಹನಿ ಬೆಂಕಿಗೆ ಬಿದ್ದರೂ ಸತ್ತ ಮೇಲೆ ಸ್ವರ್ಗಕ್ಕೊಯ್ಯುವ ಸೇತುವೆ ದಾಟುವ ಆಸೆ ಬಿಡಬೇಕು. ರಕ್ತ ಕೆಮ್ಮುವವರಿಗೆಂದೇ ಊರಾಚೆ ಒಂದು ಗುಡಿಸಲಿತ್ತು. ಅಲ್ಲಿ ಒಲೆಯಿಲ್ಲ, ದೀಪವಿಲ್ಲ. ಬೆಂಕಿಯ ಮುಂದೆಯೇ ಮುದುಕನಾದ ಅಣ್ಣನನ್ನು ಆ ಕತ್ತಲಿಗೆ ತಳ್ಳುವ ಮಾತು ತಮ್ಮನ ಬಾಯಲ್ಲಿ ಬಂದೀತೇ? ಹೇಳದಿದ್ದರೆ ಬೆಂಕಿಗೆ ದ್ರೋಹ, ಹೇಳಿದರೆ ಅಣ್ಣನಿಗೆ ದ್ರೋಹ. ಬಿಸಿತುಪ್ಪ, ನುಂಗಲೂ ಆಗದು, ಉಗುಳಲೂ ಆಗದು.

ಬಾಯಿಗೆ ಬೀಗ ಹಾಕಿಕೊಂಡು ಅವನು ಕೈಯನ್ನು ಕೆಲಸಕ್ಕೆ ಹಚ್ಚಿದ. ಬಟ್ಟಲಿನ ಹೊರಮೈ ತುಂಬ ಜೇನುಗೂಡಿನ ಹಾಗೆ ದುಂಡು ಕುಳಿಗಳನ್ನು ಕೊರೆಯುವುದು ಅವನ ಕಸುಬು. ದಪ್ಪ ಕಡೆ ಆಳವಾಗಿ ಕೊರೆದ. ತೆಳು ಕಡೆ ಸಾಣೆಯ ಚಕ್ರಕ್ಕೆ ಸುಮ್ಮನೆ ಸೋಕಿಸಿ, ಕುಳಿ ಅಷ್ಟೇ ಅಗಲ ಕಾಣುವಂತೆ ಮಾಡಿದ. ಎಂಥ ಕೈಯಪ್ಪಾ ಅದು! ಚಳಿಗಾಲ ಕಳೆಯುವವರೆಗೆ ಒಂದು ಬಟ್ಟಲೂ ಒಡೆಯಲಿಲ್ಲ.

ಹೊಸ ವರ್ಷದ ಹಬ್ಬಕ್ಕೆ ಒಂಬತ್ತು ದಿನವಿತ್ತು. ದೊರೆಗೆ ಕಾಣಿಕೆ ಹೋಗಬೇಕಾದ ಬಟ್ಟಲೊಂದು ಸಾಣೆಯ ಮೇಲೆ ಟಪ್ಪೆಂದು ಒಡೆಯಿತು. ಅದರ ಒಂದು ಮಗ್ಗುಲು ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿತ್ತು; ಸವರಿದ್ದೂ ಹೆಚ್ಚಾಯಿತು.

ಯಜಮಾನ ಗುಷ್ನಸ್ಪ ಓಡಿಬಂದ. "ಯಾರದಯ್ಯಾ ತಪ್ಪು? ಗಾಜಿಂದೋ, ಕೈದೋ?"

"ಕೈದೇ, ಯಜಮಾನ್ರೇ. ಒತ್ತಿ ಹಿಡಿದ್ಬಿಟ್ಟೆ," ಅಂದ ವಿಂದಾದ.

ಬುರ್ಜಗ ಕುಲುಮೆಯ ಬಳಿಯಿಂದಲೇ ಗುಡುಗಿದ. "ಎಲ್ಲಿತ್ತೋ ಗಮನ? ಹೆಂಡ್ತಿ ಕಟ್ಟಿಕೊಟ್ಟ ಬುತ್ತಿ ಮೇಲಾ? ಬಂಗಾರದಂಥ ಗಾಜು ಊದಿ ಕೊಟ್ರೆ ಮಣ್ಣುಪಾಲು ಮಾಡ್ತೀಯಲ್ಲೋ!"

ಎಲ್ಲರೂ ನಕ್ಕರು. ವಿಂದಾದ ಬಗ್ಗಿ ಚೂರುಗಳನ್ನು ಆರಿಸತೊಡಗಿದ. ತನ್ನ ಗಾಜಿನ ಗುಣ ಗೊತ್ತಿದ್ದೂ ಅಣ್ಣ ಎಷ್ಟು ಸಲೀಸಾಗಿ ಬಯ್ಯುತ್ತಾನೆ!

"ನೀನಿನ್ನು ಬೂದಿ ಜರಡಿ ಹಿಡಿ. ಚಕ್ರಕ್ಕೆ ವರಾಜ ಕೂರ್ಲಿ," ಎಂದು ಯಜಮಾನ ತೀರ್ಪು ಕೊಟ್ಟ.

ಅವಮಾನ ಆದರೂ ಅಣ್ಣ ಉಳಿದನಲ್ಲ ಎಂದು ವಿಂದಾದ ಗಾಜಿಗೆ ಬೆರೆಸುವ ಬೂದಿಯನ್ನು ಜರಡಿ ಹಿಡಿಯತೊಡಗಿದ. ಅವನ ಬುದ್ಧಿಗೆ ಏನು ಹೇಳೋಣ! ವರಾಜ ಪಳಗಿದ ಸಾಣೆಗಾರ. ಬಟ್ಟಲಿನ ಸುತ್ತ ಒಂದೇ ಆಳಕ್ಕೆ ಕೊರೆಯುವುದನ್ನು ಕಲಿತವನು. ಅವನಿಗೆ ಗುಟ್ಟು ಹೇಳಿದವರಿಲ್ಲ. ಮರುದಿನ ಮಧ್ಯಾಹ್ನದೊಳಗೆ ಮೂರು ಬಟ್ಟಲು ಒಡೆದವು.

ಯಜಮಾನ ಮೂರನ್ನೂ ಚಾಪೆಯ ಮೇಲಿಟ್ಟು ನೋಡಿದ. ಎಲ್ಲವೂ ತೆಳು ಮಗ್ಗುಲಲ್ಲೇ ಒಡೆದಿದ್ದವು. "ಬುರ್ಜಗಣ್ಣ, ಬೇಜಾರು ಮಾಡ್ಕೋಬೇಡಿ. ಎಲ್ಲರ ಮುಂದೆ ಒಂದು ಊದಿ ತೋರ್ಸಿ."

ಬುರ್ಜಗ ಊದಲಿಲ್ಲ. ಒಡೆದ ಚೂರಿನ ಅಂಚನ್ನು ಬೆರಳಿನಿಂದ ಸವರಿದ. ಗೋಡೆಯ ಗೂಡಿನಿಂದ ವಿಂದಾದ ಕೊರೆದಿದ್ದ ಬಟ್ಟಲೊಂದನ್ನು ಇಳಿಸಿ, ಕುಳಿಗಳ ಮೇಲೆ ಹೆಬ್ಬೆರಳು ಆಡಿಸಿದ. ಒಂದು ಕಡೆ ಆಳ, ಇನ್ನೊಂದು ಕಡೆ ಬರೀ ಸವರಿದ್ದು. ಅವನ ಮುಖ ಕಪ್ಪಿಟ್ಟಿತು. ಊದುಗೊಳವೆ ಕೆಳಗಿಟ್ಟು ಬೆಂಕಿಯಿಂದ ಹಿಂದೆ ಸರಿದು ನಿಂತ.

"ಯಾವಾಗಿಂದ ಹಿಂಗೆ ಕೊರೀತಿದ್ದೀಯೋ?"

"ಖರ್ಜೂರದ ಸುಗ್ಗಿಯಿಂದ, ಅಣ್ಣಾ."

"ರಕ್ತ ಬರ್ತಿದ್ದಿದ್ದು ನಂಗೊತ್ತಿತ್ತು. ಬೆಂಕಿಗೆ ಒಂದು ಹನೀನೂ ಬೀಳ್ದಂಗೆ ನುಂಗ್ತಿದ್ದೆ. ಉಸಿರು ಕೈಕೊಟ್ರೆ ಬಟ್ಟಲು ಒಡೆಯತ್ತೆ, ಒಡೆದ ದಿನ ನಾನೇ ದೂರ ಹೋಗ್ತೀನಿ ಅಂತ ಇದೇ ಬೆಂಕಿಗೆ ಮಾತು ಕೊಟ್ಟಿದ್ದೆ. ದಿನಾ ಸಾಯಂಕಾಲ ಬಂದು ನಿನ್ನ ಗೂಡು ನೋಡ್ತಿದ್ದೆ ಕಣೋ. ಒಂದೂ ಒಡ್ದಿರ್ತಿರ್ಲಿಲ್ಲ. ನನ್ನುಸಿರು ಇನ್ನೂ ಗಟ್ಟಿಯಿದೆ ಅಂತ ನಂಬ್ಕೊಂಡೆ. ನಿನ್ನೆ ಒಡೆದಾಗ್ಲೂ ನೀನು ಕೈದೇ ತಪ್ಪು ಅಂದೆ, ಅದನ್ನೂ ನಂಬ್ದೆ."

ವಿಂದಾದ ಅಳುತ್ತ ಮುಂದೆ ಬಂದ. "ನಿನ್ನ ಉಳಿಸ್ಕೊಳ್ಳೋಕೆ ಮಾಡ್ದೆ, ಅಣ್ಣಾ."

"ಹತ್ರ ಬರ್ಬೇಡ! ಚಳಿಗಾಲ ಪೂರ್ತಿ ಬೆಂಕಿ ಮುಂದೆ ನನ್ನನ್ನ ಸುಳ್ಳುಗಾರ ಮಾಡ್ದೋನು ನೀನು. ಆ ಗುಡಿಸಲಿಗೆ ಯಾರು ಬೇಕಾದ್ರೂ ಬರ್ಲಿ. ನೀನು ಬರ್ಬೇಡ."

ಬಾಗಿಲಲ್ಲಿ ನಿಂತವರು ಹೊರಟ ಬುರ್ಜಗನ ಮೈ ತಾಕದಂತೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.