ಹದಿನಾಲ್ಕು ತಿಂಗಳ ಕಾವು

ಪ್ರಯೋಗಾಲಯದ ಕುಲುಮೆ ನೋಡಿಕೊಳ್ಳುತ್ತಿದ್ದವಳನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಅವರಲ್ಲಿ ನಿಜವಾಗಿ ಒಡಹುಟ್ಟಿದವನು ಒಬ್ಬನೇ, ಅಲ್ಲಿಯ ಎಲೆಕ್ಟ್ರಿಷಿಯನ್. ಅವನಿಗೆ ಆ ಕೆಲಸ ಕೊಡಿಸಿದವಳೂ ಅವಳೇ.

ಕುಲುಮೆಯಲ್ಲಿ ಹತ್ತೊಂಬತ್ತು ಸಿಲಿಕಾ ಗಾಜಿನ ಬಿಲ್ಲೆಗಳು ಹದಿನಾಲ್ಕು ತಿಂಗಳಿಂದ ಸಾವಿರ ಡಿಗ್ರಿಯಲ್ಲಿ ಕೂತಿದ್ದವು. ಅಷ್ಟು ಕಾವಿಗೆ ಈ ಗಾಜು ಕರಗುವುದಿಲ್ಲ. ಒಳಗೊಳಗೇ, ತೀರಾ ನಿಧಾನವಾಗಿ ಬದಲಾಗುತ್ತದೆ. ಬೇರೆ ಗಾಜುಗಳಿಗೂ ಇದಕ್ಕೂ ಎಣ್ಣೆ ಸೀಗೆಕಾಯಿ. ಹೆಚ್ಚು ಬಿಸಿಯಿಂದ ಬೇಗ ತಣಿದರೆ ಇದು ಒತ್ತಾಗಿ ಸಾಂದ್ರತೆ ಹೆಚ್ಚುತ್ತದೆ, ಕಡಿಮೆ ಕಾವಿನಲ್ಲಿ ಬಹುಕಾಲ ಕೂತರೆ ಕೂದಲೆಳೆಯಷ್ಟು ಮಾತ್ರ ಹಗುರಾಗುತ್ತದೆ. ಆ ಹಗುರ ಎಲ್ಲಿಗೆ ಬಂದು ನಿಲ್ಲುತ್ತದೆ ಎಂದು ಅಳೆಯಬೇಕೆಂಬುದು ಅಲ್ಲಿಯ ಮುದಿ ವಿಜ್ಞಾನಿಯ ಆಸೆ. ಅವರ ಯಕೃತ್ತು ಕೈಕೊಟ್ಟಿತ್ತು. ವೈದ್ಯರು ಆರು ತಿಂಗಳು ಅಂದಿದ್ದರು. ಗಾಜಿಗೆ ಬೇಕಿದ್ದದ್ದು ಇನ್ನೆರಡು.

ಒಂದು ಮಧ್ಯಾಹ್ನ ಅಕ್ಕ ಊಟಕ್ಕೆ ಹೋಗಿದ್ದಾಗ ತಮ್ಮ ಯಾರನ್ನೂ ಕೇಳದೆ ಮೇನ್ ಸ್ವಿಚ್ ಇಳಿಸಿದ, ಫ್ಯೂಸ್ ಬದಲಿಸಿ ಮತ್ತೆ ಏರಿಸಿದ. ಕರೆಂಟು ಬಂದದ್ದೇ ತಡ, ಕುಲುಮೆ ತನ್ನ ನೆನಪಿನಲ್ಲಿ ಉಳಿದಿದ್ದ ಹಳೆಯ ಕೆಲಸವೊಂದರ ಕಾವಿನತ್ತ ತಾನಾಗಿಯೇ ಏರತೊಡಗಿತು. ಅವಳು ವಾಪಸು ಬಂದಾಗ ಮೀಟರು ಸಾವಿರದ ನಾನೂರು ತೋರಿಸುತ್ತಿತ್ತು. ಆ ಬಿಸಿಯಲ್ಲಿ ಹದಿನಾಲ್ಕು ತಿಂಗಳನ್ನು ಅಳಿಸಲು ಕೆಲವು ನಿಮಿಷ ಸಾಕು.

ತಣಿದ ಬಿಲ್ಲೆಯೊಂದನ್ನು ತಮ್ಮ ಕಿಟಕಿಯ ಬೆಳಕಿಗೆ ಹಿಡಿದು ನೋಡಿದ.

"ಏನೂ ಆಗಿಲ್ವಲ್ಲ ಅಕ್ಕ. ಒಂದು ಗೀರೂ ಇಲ್ಲ."

"ಒಡೆದಿದ್ರೇ ಚೆನ್ನಾಗಿತ್ತು," ಅಂದಳು.

ಹತ್ತೊಂಬತ್ತನ್ನೂ ಒಂದೊಂದಾಗಿ ಅಳೆದಳು. ಎಲ್ಲವೂ ಮತ್ತೆ ಒತ್ತಾಗಿದ್ದವು. ಗ್ರಾಫಿನಲ್ಲಿ ಹಳೆಯ ಅಳತೆಗಳ ಗೆರೆಯನ್ನೇ ಇನ್ನೆರಡು ತಿಂಗಳು ಮುಂದಕ್ಕೆ ಎಳೆದುಬಿಡು, ಯಾರಿಗೆ ಗೊತ್ತಾಗುತ್ತದೆ ಎಂದು ತಮ್ಮ ಅಂಗಲಾಚಿದ. ಹೆಂಡತಿಗೆ ಏಳು ತಿಂಗಳು ತುಂಬಿದೆ ಎಂಬುದನ್ನೂ ನೆನಪಿಸಿದ. ಮೂರನೆಯ ದಿನ ಅವಳು ನಡೆದದ್ದನ್ನು ನಡೆದಂತೆ ಬರೆದು ಕೊಟ್ಟಳು. ತಮ್ಮನನ್ನು ಕೆಲಸದಿಂದ ತೆಗೆದರು.

ವಿಜ್ಞಾನಿಗೆ ಮನೆಗೇ ಹೋಗಿ ಹೇಳಿದಳು. ಅವರು ದಿಂಬಿಗೆ ಒರಗಿಕೊಂಡೇ ಕೇಳಿದರು.

"ಮತ್ತೆ ಹಚ್ಚಮ್ಮ," ಅಂದರು.

ಹದಿನಾರು ತಿಂಗಳನ್ನೂ ಮೊದಲಿಂದ ಎಣಿಸಬೇಕೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ಅವಳು ಹಚ್ಚಿದಳು. ಮೂರನೆಯ ತಿಂಗಳಲ್ಲಿ ಅವರು ತೀರಿಕೊಂಡರು. ಅದರ ಮುಂದಿನ ವಾರವೇ ಹೊಸ ಮುಖ್ಯಸ್ಥರು ಬೇರೆ ಕೆಲಸಕ್ಕೆಂದು ಕುಲುಮೆ ಬಿಡಿಸಿಕೊಂಡರು.

ತಮ್ಮನಿಗೆ ಹೆಣ್ಣುಮಗು ಆಗಿದೆಯೆಂದು ಅವಳಿಗೆ ಪಕ್ಕದ ಮನೆಯವರಿಂದ ತಿಳಿಯಿತು. ನೋಡಲು ಹೋದಳು. ಬಾಗಿಲು ತೆರೆದ ತಮ್ಮನ ಹೆಂಡತಿ, ಅವರು ಮನೆಯಲ್ಲಿಲ್ಲ, ಮಗು ಮಲಗಿದೆ ಅಂದಳು. ಒಳಗೆ ತಮ್ಮ ಕೆಮ್ಮಿದ್ದು ಕೇಳಿಸಿತು. ಅವಳು ಸರಿ ಎಂದು ಮೆಟ್ಟಿಲಿಳಿದಳು.